ಆತಕೂರಿನ ಕಾಳಿಯೂ ಸರಸ್ವತೀಪುರದ ಟಾಮಿಯೂ

ನಾಯಿ ಸಾಕುವುದಕ್ಕೂ ಲೈಸೆನ್ಸೇ ಎಂದು ಹುಬ್ಬೇರಿಸುವ ಮಹನೀಯರು ಮೈಸೂರಿನಲ್ಲಿ ಕಡಮೆಯಿಲ್ಲ. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಕಡೆಗೆ ಹೊರಟರೆ ಇಂಥವರು ನಾಲ್ವರಾದರೂ ಎದುರಾಗುತ್ತಾರೆ. ಕೈಯಲ್ಲಿ ಚರ್ಮದ ಪಟ್ಟಿ, ಪಟ್ಟಿಯ ತುದಿಯಲ್ಲಿ ಕರುವಿನಷ್ಟು ಎತ್ತರದ ನಾಯಿ, ಬಾಯಲ್ಲಿ ಸ್ವಾತಂತ್ರ್ಯದ ಮಾತು. "ನಮ್ಮ ಟಾಮಿ ನಾಯಿಯಲ್ಲ ಸ್ವಾಮಿ, ಮನೆಯ ಮಗು. ಮಗುವಿಗೆ ಯಾರಾದರೂ ಪರವಾನಗಿ ಕೇಳುತ್ತಾರೆಯೆ?" ಎಂದು ಸರಸ್ವತೀಪುರದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಕೇಳುತ್ತಾರೆ ಸ್ವಾಮಿ. ಮಗು ಹುಟ್ಟಿದರೆ ಜನನ ನೋಂದಣಿ ಮಾಡಿಸುತ್ತೇವೆ. ಚುಚ್ಚುಮದ್ದಿನ ಕಾರ್ಡನ್ನು ಜೋಪಾನವಾಗಿಡುತ್ತೇವೆ. ಶಾಲೆಗೆ ಸೇರಿಸುವ ದಿನ ಅವೆರಡಕ್ಕಾಗಿ ಬೀರುವನ್ನೆಲ್ಲ ಕೆದಕುತ್ತೇವೆ. ಟಾಮಿ ನಿಜವಾಗಿಯೂ ಮಗುವಾದರೆ ಅವನ ಹೆಸರು ಪಾಲಿಕೆಯ ಪುಸ್ತಕಕ್ಕೆ ಏರುವುದಕ್ಕೆ ಇಷ್ಟೇಕೆ ಸಂಕೋಚ?

ಇದೆಲ್ಲ ಇಂಗ್ಲಿಷರು ಕಲಿಸಿಹೋದ ಚಾಳಿ ಎನ್ನುವವರಿಗೆ ಆತಕೂರಿನ ಕಲ್ಲನ್ನು ತೋರಿಸಬೇಕು. ಆತಕೂರು ನಮ್ಮ ನೆರೆಯ ಮದ್ದೂರು ತಾಲ್ಲೂಕಿನ ಊರು. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಒಡೆಯನು ಮೆಚ್ಚಿ ಬೇಕಾದ್ದನ್ನು ಬೇಡೆಂದಾಗ, ಅವನು ಹೊನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಮುಂದೆ ಕಾಳಿ ಒಂದು ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಅದಕ್ಕಾಗಿ ಕಲ್ಲು ನೆಟ್ಟು ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರು, ಸಾಕಿದವನ ಹೆಸರು, ಸತ್ತ ಕಾರಣ ಎಲ್ಲವೂ ಅದರಲ್ಲಿ ಉಂಟು. ಸಾವಿರ ವರ್ಷ ಬಾಳಿದ ಇಂಥ ನೋಂದಣಿಯನ್ನು ಯಾವ ಕಚೇರಿ ಮಾಡಿದೆ? ಮಣಲೇರನಿಗೆ ತನ್ನ ನಾಯಿ ಇದು ಎಂದು ಹೇಳಿಕೊಳ್ಳಲು ನಾಚಿಕೆಯಿರಲಿಲ್ಲ.

ನಮಗೆ ಇದೆ. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ತುದಿಗೆ ಒಂದು ಲ್ಯಾಬ್ರಡಾರ್ ಹೆಣ್ಣುನಾಯಿ ಬಂದು ಸೇರಿಕೊಂಡಿತು. ಬಂದಿತು ಎನ್ನುವುದಕ್ಕಿಂತ ಯಾರೋ ತಂದು ಇಳಿಸಿ ಹೋಗಿದ್ದರು. ಕತ್ತಿನ ಸುತ್ತ ಪಟ್ಟಿ ಉಜ್ಜಿ ಕೂದಲು ಸವೆದಿತ್ತು. ಜೋತುಬಿದ್ದ ಮೊಲೆಗಳನ್ನು ನೋಡಿದರೆ ಮರಿ ಹಾಕಿಸಿ ಹಾಕಿಸಿ ಮಾರಿ, ಇನ್ನು ಪ್ರಯೋಜನವಿಲ್ಲವೆಂದು ಬಿಟ್ಟವರ ಕೈಗುಣ ಕಾಣುತ್ತಿತ್ತು. ಹಾಕಿದ ಅನ್ನವನ್ನು ಮೂಸಿ ಬಿಡುತ್ತಿತ್ತು. ಯಾವ ಕಾರು ಬಂದು ನಿಂತರೂ ಎದ್ದು ಹೋಗಿ ಅದರ ಬಾಗಿಲ ಬಳಿ ನಿಲ್ಲುತ್ತಿತ್ತು. ಐದು ದಿನ ಹೀಗೆ. ಆರನೆಯ ದಿನ ಬೀದಿಯ ನಾಯಿಗಳೆಲ್ಲ ಸೇರಿ ಅದನ್ನು ಕಚ್ಚಿ ಹಾಕಿದುವು. ಯಾರ ನಾಯಿ ಅದು? ಚುಚ್ಚುಮದ್ದು ಆಗಿತ್ತೆ? ಅದರ ತಲೆ ಸವರಿದ ನಮ್ಮ ಬೀದಿಯ ಮಕ್ಕಳ ಗತಿಯೇನು? ಕೇಳಲು ಯಾರ ಬಾಗಿಲಿಗೆ ಹೋಗುವುದು?

ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಮೊದಲ ಸಲ ಸಿಕ್ಕಿಬಿದ್ದವನಿಗೆ ಆ ಕಾಯ್ದೆ ಬರೆದ ದಂಡ 10 ರೂಪಾಯಿಯಿಂದ 50 ರೂಪಾಯಿ! ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಆ ದುಡ್ಡಿಗೆ ಮಾರುದ್ದ ಮಲ್ಲಿಗೆ ಬರುವುದು ಕಷ್ಟ. ಅದನ್ನಾದರೂ ವಸೂಲು ಮಾಡಲು ಒಡೆಯ ಯಾರೆಂದು ತಿಳಿಯಬೇಕಷ್ಟೆ.

ಹುಚ್ಚುನಾಯಿಯ ರೋಗದ ಮಾತು ಬೇಡವೆನ್ನಿಸುತ್ತದೆ, ಆದರೆ ಬಿಡುವಂತಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿದದ್ದು ತೀರ ಅಪರೂಪ. ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆಂದೂ ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಭಾರತದವರೆಂದೂ ಅಂದಾಜು. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿದರೆ ರೋಗ ಹರಡುವುದು ನಿಲ್ಲುತ್ತದೆ ಎನ್ನುತ್ತಾರೆ ಬಲ್ಲವರು. ಒಟ್ಟು ಎಷ್ಟೆಂದೇ ಎಣಿಸದೆ ಅದರಲ್ಲಿ ಎಪ್ಪತ್ತು ಪಾಲನ್ನು ತೆಗೆಯುವ ಲೆಕ್ಕವನ್ನು ನಮ್ಮ ಯಾವ ಮೇಷ್ಟರೂ ಕಲಿಸಿರಲಿಲ್ಲ. ಬೀದಿನಾಯಿಗೆ ಸಂತಾನಹರಣ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕೆಂದು 2023ರ ಕೇಂದ್ರ ನಿಯಮ ಹೇಳಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಅದರ ಜಗಳ ಹೋಯಿತು. ಬೀದಿನಾಯಿಯ ಮೇಲೆ ಇಷ್ಟು ವಾದ ನಡೆಯುವಾಗ, ಆ ಬೀದಿಗೆ ಹೊಸ ನಾಯಿಯನ್ನು ತಂದು ಸುರಿಯುವ ಬಂಗಲೆಯವರು ಮಾತ್ರ ಪತ್ರಿಕೆಗೆ ಕಾಗದ ಬರೆಯುತ್ತಾರೆ, ನಾಯಿಕಾಟ ಹೆಚ್ಚಿತೆಂದು.

ಹಾಗೆಂದು ಪಾಲಿಕೆಯ ಪರವಾಗಿ ನಾನು ವಕಾಲತ್ತು ಹಾಕುತ್ತಿಲ್ಲ. 2018ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಾಯಿ ಲೈಸೆನ್ಸಿನ ಉಪವಿಧಿ ತಂದು ಏನು ಮಾಡಿತೆಂಬುದನ್ನು ನೋಡಿದ್ದೇವೆ. ಫ್ಲ್ಯಾಟಿಗೆ ಒಂದು ನಾಯಿ, ಒಂಟಿ ಮನೆಗೆ ಮೂರು, ಇಂಥಿಂಥ ತಳಿ ಮಾತ್ರ ಎಂದು ಪಟ್ಟಿ ಮಾಡಿತು; ಜನ ರೇಗಿದರು; ಉಪವಿಧಿ ಮೂಲೆಗೆ ಬಿತ್ತು. 2024ರಲ್ಲಿ ಕೇಂದ್ರದವರು 23 ತಳಿಗಳನ್ನು ಬೇಡವೆಂದರು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ ಸುತ್ತೋಲೆಯೆಂದು ನಮ್ಮ ಹೈಕೋರ್ಟು ಅದನ್ನು ರದ್ದುಮಾಡಿತು. ಎರಡು ಕಡೆಯೂ ಅಧಿಕಾರಿಗಳು ನಾಯಿಯ ಜಾತಿಯನ್ನೂ ತಲೆಯನ್ನೂ ಎಣಿಸಿದರೇ ಹೊರತು ಸಾಕುವವನ ಹೊಣೆಯನ್ನು ಮೊದಲು ಕೇಳಲಿಲ್ಲ. ಬ್ರಿಟನ್ನಿನವರು 37 ಪೆನ್ಸಿನ ನಾಯಿ ಲೈಸೆನ್ಸನ್ನು 1987ರಲ್ಲಿ ಕೈಬಿಟ್ಟರು. ಆದರೆ ಇಂಗ್ಲೆಂಡಿನಲ್ಲಿ 2016ರಿಂದ ಪ್ರತಿ ನಾಯಿಯ ಚರ್ಮದಡಿ ಒಡೆಯನ ಗುರುತು ತಿಳಿಸುವ ಚಿಪ್ಪು ಇರಲೇಬೇಕು. ಶುಲ್ಕ ಹೋಯಿತು, ಗುರುತು ಬಂತು. ನಮ್ಮವರು ಶುಲ್ಕವನ್ನಷ್ಟೇ ಹಿಡಿದುಕೊಂಡಾರು ಎಂಬ ಭಯ ನನಗಿದೆ.

1903ರಷ್ಟು ಹಿಂದೆಯೇ ನಗರಾಭಿವೃದ್ಧಿಗೆಂದು ಮಂಡಲಿ ಕಟ್ಟಿದ ಊರು ಇದು. ಶುಚಿತ್ವಕ್ಕೆ 2016ರಲ್ಲಿ ದೇಶಕ್ಕೇ ಮೊದಲೆನ್ನಿಸಿಕೊಂಡ ಊರು. ಬಡಾವಣೆಗೆ ಒಂದು ದಿನವೆಂದು ಗೊತ್ತುಮಾಡಿ, ಪಾಲಿಕೆಯ ಪಶುವೈದ್ಯರೇ ಬಂದು ಲಸಿಕೆ ಹಾಕಿ, ಅಲ್ಲೇ ಮೇಜಿನ ಮೇಲೆ ಹೆಸರು ಬರೆದುಕೊಳ್ಳುವುದು ಇಂಥ ಊರಿಗೆ ಆಗದ ಕೆಲಸವೆ? ಶುಲ್ಕವನ್ನು ಮರಿ ಮಾರುವ ವ್ಯಾಪಾರಿಯ ಮೇಲೆ ಬೇಕಾದಷ್ಟು ಹಾಕಲಿ. ಬೀದಿಯ ಮರಿಯನ್ನು ಎತ್ತಿ ತಂದು ಸಾಕುವ ಬಡಮನೆಯಿಂದ ಒಂದು ಕಾಸೂ ಬೇಡ. ಅಪಾರ್ಟ್‌ಮೆಂಟಿನ ಸಂಘದವರು ಆ ಪುಸ್ತಕವನ್ನು ಹಿಡಿದುಕೊಂಡು ನಾಯಿ ಸಾಕಿದ ಮುದುಕಿಯನ್ನು ಹೊರಡಿಸಲು ಬಂದರೆ ಅವರಿಗೆ ಬಾಗಿಲು ತೋರಿಸಲಿ.

ಮೊನ್ನೆ ಕೆರೆಯ ಏರಿಯ ಮೇಲೆ ಟಾಮಿಯ ಒಡೆಯರು ಮತ್ತೆ ಸಿಕ್ಕಿದರು. ಈ ವರ್ಷದ ಚುಚ್ಚುಮದ್ದು ಆಯಿತೆ ಎಂದು ಕೇಳಿದೆ. ಸ್ವಲ್ಪ ಹೊತ್ತು ನೀರಿನ ಕಡೆ ನೋಡಿ, "ಮನೆಯವಳನ್ನು ಕೇಳಬೇಕು" ಎಂದರು.