ಮಕ್ಕಳೇನು ಹಾರ್ಡ್ ಡಿಸ್ಕಾ, ಫಾರ್ಮ್ಯಾಟ್ ಮಾಡೋಕೆ?

ಅಮೆರಿಕದಲ್ಲಿ ಹುಟ್ಟಿದ ಕನ್ನಡದ ಮಗು "ಅಜ್ಜಿ, ಹೋಳಿಗೆ ಬೇಕು" ಅಂದ್ರೆ ನಮಗೆಲ್ಲ ಕಣ್ಣಲ್ಲಿ ನೀರು. ಆ ವಿಡಿಯೋನ ನಾಲ್ಕು ಗ್ರೂಪಿಗೆ ಕಳಿಸ್ತೀವಿ. ಅದೇ, ಮಹಾರಾಷ್ಟ್ರದಲ್ಲಿ ಹುಟ್ಟಿ ಬೆಂಗಳೂರಿಗೆ ದತ್ತು ಬಂದ ಮಗು "ಪುರಣ ಪೋಳಿ" ಅಂದ್ರೆ ಮಾತ್ರ ಮುಖ ಗಂಟು. "ಇನ್ನೂ ಮರೆತಿಲ್ವಾ ಅದನ್ನ?" ಅಂತ ಕೇಳ್ತೀವಿ. ಅಲ್ಲ ಸ್ವಾಮಿ, ಮೊದಲನೇ ಮಗುವಿನದು ತಾಯ್ನುಡಿ, ಎರಡನೇದರದ್ದು ಏನು, ಕಾಯಿಲೆಯಾ?

ಇದ್ಯಾಕಪ್ಪ ಇವನಿಗೆ ಇಷ್ಟು ಸಿಟ್ಟು ಅಂತೀರಾ? ಹೇಳ್ತೀನಿ. ನಮ್ಮಕ್ಕ-ಭಾವ 2023ರಲ್ಲಿ ಇಬ್ಬರು ಮಕ್ಕಳನ್ನ ದತ್ತು ತಗೊಂಡ್ರು. ಒಡಹುಟ್ಟಿದವರು. ಬಂದಾಗ ದೊಡ್ಡವಳಿಗೆ ಆರು, ಪುಟ್ಟನಿಗೆ ಮೂರೂವರೆ. ಇಬ್ಬರಿಗೂ ಬರ್ತಿದ್ದಿದ್ದು ಮರಾಠಿ ಒಂದೇ. ಅಕ್ಕ ನನ್ನ ಹಾಗೇ ಶಿವಮೊಗ್ಗದವಳು, ಮರಾಠಿಯ ಗಂಧಗಾಳಿ ಇಲ್ಲ. ಭಾವ ಬೆಳಗಾವಿಯವರು, ಮನೆಮಾತು ಕನ್ನಡ, ಆದ್ರೆ ಓಣಿಯಲ್ಲಿ ಗೋಲಿ ಆಡಿದ್ದು ಮರಾಠಿಯಲ್ಲಿ. ಹಾಗಾಗಿ ಅಮ್ಮ ಕನ್ನಡ, ಅಪ್ಪ ಎರಡೂ ಅಂತ ಮನೆಯಲ್ಲೇ ತೀರ್ಮಾನ ಆಯ್ತು. ಅಕ್ಕನ ಮನೆಯಲ್ಲೇ ಇರೋ ನಮ್ಮಮ್ಮನನ್ನ ಮಾತ್ರ ಯಾರೂ ಕೇಳಲಿಲ್ಲ :-)

ಮೊದಲ ವಾರ ಪುಟ್ಟ ಏನು ಹೇಳಿದ್ರೂ "ಕಾಯ್?" ಅನ್ನೋನು. ಮರಾಠಿಯಲ್ಲಿ ಅದು "ಏನು?" ಅಂತ. ನಮ್ಮಮ್ಮ "ಪಾಪ, ಮಗೂಗೆ ಕಾಯಿ ಅಂದ್ರೆ ಎಷ್ಟು ಇಷ್ಟ ನೋಡು" ಅಂತ ಪ್ರತಿ ಸಲ ಒಂದು ಚೂರು ತೆಂಗಿನಕಾಯಿ ಕೈಗಿಡೋರು. ಅವನಿಗೆ ಇನ್ನೂ ಗೊಂದಲ. ಮತ್ತೆ "ಕಾಯ್?" ಮತ್ತೊಂದು ಚೂರು. "ಊಟ ಮಾಡ್ತೀಯಾ ಪುಟ್ಟಾ?" ಅಂತ ಸನ್ನೆ ಮಾಡಿ ಕೇಳಿದ್ರೆ "ಹೋ" ಅನ್ನೋನು. ಅಂದ್ರೆ ಹೂಂ ಅಂತ. ಅಮ್ಮನಿಗೆ ಕೋಪ, "ಬಂದು ನಾಲ್ಕು ದಿನ ಆಗಿಲ್ಲ, ನನ್ನೇ ಹೋ ಅಂತಾನಲ್ಲೇ!" ಸ್ಟಾಪಿನಲ್ಲಿ ನಿಂತು ನಾನು "ಬಸ್! ಬಸ್!" ಅಂತ ಕೂಗಿದೆ, ಹುಡುಗ ಅಲ್ಲೇ ಫುಟ್‌ಪಾತಿನ ಮೇಲೆ ಪಟ್ಟಾಗಿ ಕೂತುಬಿಟ್ಟ. ಮರಾಠಿಯಲ್ಲಿ "ಬಸ್" ಅಂದ್ರೆ ಕೂತ್ಕೋ. ಇಷ್ಟು ಆಜ್ಞಾಪಾಲಕ ಮಗು ಅಂತ ಅವತ್ತು ಬಸ್ ಸ್ಟಾಪಿನಲ್ಲಿ ಎಲ್ಲರಿಗೂ ಆಶ್ಚರ್ಯ.

ಎದುರುಮನೆ ಆಂಟಿ ಒಂದಿನ ಕೇಳಿದ್ರು, "ಅದೇನು, ಈ ಹುಡುಗ ಅಷ್ಟುದ್ದ ಅಕ್ಕನ್ನ ತಾಯಿ ತಾಯಿ ಅಂತಾನೆ?" ಅವನು ಹೇಳ್ತಿದ್ದಿದ್ದು "ತಾಈ", ಮರಾಠಿಯಲ್ಲಿ ಅಕ್ಕ ಅಂತ. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಆದ್ರೆ ಹಿಂದೆ ಇದ್ದ ಕಡೆ ಅವನಿಗೆ ತುತ್ತು ತಿನ್ನಿಸಿದವಳು, ರಾತ್ರಿ ಹೊದಿಸಿದವಳು ಅವಳೇ. ಆಂಟಿಯ ಕನ್ನಡದ ಕಿವಿ ಕೇಳಿಸಿಕೊಂಡಿದ್ದು ಪೂರ್ತಿ ತಪ್ಪೇನಲ್ಲ.

ನಗುವ ವಿಷಯ ಅಲ್ಲಿಗೆ ಮುಗೀತು. ಆಮೇಲೆ ಶುರುವಾಗಿದ್ದು ಉಪದೇಶ.

ಉಪದೇಶ ಒಂದು: "ಎರಡೆರಡು ಭಾಷೆ ಬೇಡ, ಮಕ್ಕಳಿಗೆ ಕನ್‌ಫ್ಯೂಸ್ ಆಗುತ್ತೆ." ಹೌದಾ? ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂದಿದ್ದು ಕನ್ನಡಕ್ಕೆ. ಮನೆಯಲ್ಲಿ ತಮಿಳು ಆಡ್ತಿದ್ದ ಮಾಸ್ತಿಯವರಿಗೆ 1983ರದ್ದು, ಕೊಂಕಣಿ ಮನೆಯ ಕಾರ್ನಾಡರಿಗೆ 1998ರದ್ದು. ಇವರಿಗೆಲ್ಲ ಯಾವ ಗೊಂದಲ ಆಗಿತ್ತೋ ಆ ಗೊಂದಲ ನಮ್ಮ ಮಕ್ಕಳಿಗೂ ಸ್ವಲ್ಪ ಆಗಲಿ ಬಿಡಿ.

ಉಪದೇಶ ಎರಡು: "ಹಳೇದೆಲ್ಲ ಮರೆಸಿಬಿಡಿ, ಹೊಸದಾಗಿ ಶುರು ಮಾಡಿ." ಇದನ್ನ ಹೇಳಿದವರಲ್ಲಿ ನನ್ನ ಹಾಗೇ ಸಾಫ್ಟ್‌ವೇರ್ ಬರೆಯೋರೂ ಇದ್ರು. ಮಕ್ಕಳೇನು ಹಾರ್ಡ್ ಡಿಸ್ಕಾ ಮಾರಾಯ್ರೆ, ಫಾರ್ಮ್ಯಾಟ್ ಮಾಡಿ ಹೊಸ ಓಎಸ್ ಹಾಕೋಕೆ? ಕಾನೂನು ಗೊತ್ತಿರೋ ಒಬ್ಬರು, ದತ್ತು ಆದೇಶ ಆದ ದಿನದಿಂದ ಹುಟ್ಟಿದ ಮನೆಯ ಸಂಬಂಧ ಕಡಿದು ಹೋಗುತ್ತೆ ಅಂತ ಪಾಠ ಮಾಡಿದ್ರು. ನಿಜ, 2015ರ ಬಾಲ ನ್ಯಾಯ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ ಹಾಗೇ ಇದೆ. ಆದ್ರೆ ಅದು ಕಡಿಯೋದು ಕುಟುಂಬದ ಸಂಬಂಧವನ್ನ, ನಾಲಿಗೆಯನ್ನಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯನ್ನೂ ಅವರು ಒಮ್ಮೆ ಓದಬೇಕಿತ್ತು. ಹೆತ್ತವರಿಂದ ದೂರವಾದ ಮಗುವಿಗೆ ಬೇರೆ ನೆಲೆ ಹುಡುಕುವಾಗ ಅದರ ಭಾಷೆಯ ಹಿನ್ನೆಲೆಗೂ ಬೆಲೆ ಕೊಡಬೇಕು ಅನ್ನುತ್ತೆ ಅದು. ಭಾರತ ಇದನ್ನ ಒಪ್ಪಿಕೊಂಡಿದ್ದು 1992ರಲ್ಲಿ.

ಉಪದೇಶ ಮೂರು: "ಅದೇನು, ತಾನಾಗೇ ಉಳ್ಕೊಳುತ್ತೆ ಬಿಡಿ." ಉಳಿಯಲ್ಲ ಸ್ವಾಮಿ. ಮೂರರಿಂದ ಎಂಟು ವರ್ಷದ ಒಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದವರನ್ನ ದೊಡ್ಡವರಾದ ಮೇಲೆ ಪರೀಕ್ಷೆ ಮಾಡಿದ ಅಧ್ಯಯನವೊಂದು 2003ರಲ್ಲಿ ಬಂತು. ನಾಲ್ಕಾರು ಭಾಷೆ ಕೇಳಿಸಿ ಇದರಲ್ಲಿ ಕೊರಿಯನ್ ಯಾವುದು ಅಂದ್ರೆ ಅವರಿಗೆ ಗುರುತಿಸೋಕೂ ಆಗಲಿಲ್ಲ. ನಮ್ಮ ಮಕ್ಕಳದ್ದೂ ಸರಿಯಾಗಿ ಅದೇ ವಯಸ್ಸು. ಇನ್ನೊಂದು ಅಧ್ಯಯನ 2014ರದ್ದು, ಕೆನಡಾದ ಮಾಂಟ್ರಿಯಲ್‌ನಲ್ಲಿ ಆಗಿದ್ದು. ಒಂದು ವರ್ಷದ ಆಸುಪಾಸಿನಲ್ಲಿ ಚೀನಾದಿಂದ ದತ್ತು ಬಂದು, ಆಮೇಲೆ ಬರೀ ಫ್ರೆಂಚ್ ಆಡಿ ಬೆಳೆದ ಹುಡುಗಿಯರು. ಚೀನೀ ಸ್ವರದ ಏರಿಳಿತ ಕೇಳಿಸಿದಾಗ ಅವರ ಮಿದುಳು ಆ ಭಾಷೆ ಬಲ್ಲವರ ಮಿದುಳಿನ ಹಾಗೇ ಸ್ಪಂದಿಸ್ತು. ಅರ್ಥ ಮಾತ್ರ ಒಂದಕ್ಕೂ ಗೊತ್ತಿಲ್ಲ. ಮನೆ ಇದೆ, ಬೀಗದ ಕೈ ಕಳೆದುಹೋಗಿದೆ. ಆ ಕೀ ಇನ್ನೂ ಕೈಯಲ್ಲಿರೋ ಮಕ್ಕಳಿಂದ ನಾವು ಯಾಕೆ ಕಿತ್ಕೋಬೇಕು?

ನಾಲ್ಕನೇದು ನನ್ನ ಗೆಳೆಯರದ್ದೇ. ಕನ್ನಡದ ಕೆಲಸಕ್ಕೆ ನನ್ನ ಜೊತೆ ಓಡಾಡೋ ಹುಡುಗರು. "ಬೆಳಗಾವಿಯಲ್ಲಿ ಅಷ್ಟು ರಾದ್ಧಾಂತ ಆಗಿರುವಾಗ ನಿಮ್ಮ ಮನೆಯಲ್ಲಿ ಮರಾಠಿನಾ?" ನೋಡ್ರಪ್ಪ, ಬ್ಯಾಂಕಿನಲ್ಲಿ ಚಲನ್ ಕನ್ನಡದಲ್ಲಿ ಕೊಡಿ ಅಂತ ಜಗಳ ಆಡೋನು ನಾನೇ. ನಾಳೆನೂ ಆಡ್ತೀನಿ. ಆದ್ರೆ ಮಹಾಜನ ಆಯೋಗದ ವರದಿ ಬಂದಿದ್ದು 1967ರಲ್ಲಿ, ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಗಿದ್ದು 2004ರಲ್ಲಿ. ದೊಡ್ಡವರು ಇಷ್ಟು ವರ್ಷದಿಂದ ಎಳೆದಾಡ್ತಿರೋ ಜಗಳವನ್ನ ಒಬ್ಬ ಪುಟ್ಟ ಹುಡುಗನ ಬಾಯಿ ಮುಚ್ಚಿಸಿ ಗೆಲ್ಲಬೇಕಾ? ಕನ್ನಡ ಅಷ್ಟು ಬಡವಾಗಿಲ್ಲ.

ಇಷ್ಟಕ್ಕೂ ಆ ಮಕ್ಕಳ ಕನ್ನಡಕ್ಕೆ ಏನಾಗಿದೆ? ಆರು ತಿಂಗಳಲ್ಲಿ ಪಟಪಟ ಅಂತ ಆಡೋಕೆ ಶುರು ಮಾಡಿದ್ರು. "ಮಾಮಾ, ನಂಗೆ ಉಪ್ಪಿಟ್ಟು ನಕೋ, ದೋಸೆ ಬೇಕು" ಅಂತಾನೆ ಪುಟ್ಟ. ಅಜ್ಜಿಗೆ ತಿಳೀಬಾರದು ಅಂತ ಇಬ್ಬರೂ ಮರಾಠಿಯಲ್ಲಿ ಸಂಚು ಮಾಡ್ತಾರೆ. ಹೋದ ತಿಂಗಳು ಚಕ್ಕುಲಿ ಡಬ್ಬಿ ಇಳಿಸ್ತಾ ದೊಡ್ಡವಳು "ಆಜೀಲಾ ಸಾಂಗು ನಕೋ" ಅಂದ್ಲು, ಅಜ್ಜಿಗೆ ಹೇಳ್ಬೇಡ ಅಂತ. ಹಿಂದಿನಿಂದ ನಮ್ಮಮ್ಮ "ಮಲಾ ಕಳ್ತಂ", ನಂಗೆ ಅರ್ಥ ಆಗುತ್ತೆ ಅಂದ್ರು. ಅರವತ್ತೈದು ದಾಟಿದ ಶಿವಮೊಗ್ಗದ ಹೆಂಗಸು ಎರಡು ವರ್ಷದಲ್ಲಿ ಹೊಸ ಭಾಷೆ ಕಲಿತ್ರು, ಮಕ್ಕಳಿಗೆ ಎರಡು ಭಾಷೆ ಭಾರ ಆಗುತ್ತಂತೆ!

ಭಾರ ಆಗಿದ್ದು ಬೇರೆಯದು. ದೊಡ್ಡವಳ ಶಾಲೆಯಲ್ಲಿ ಮೀಟಿಂಗಿಗೆ ಕರೆದು, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಆ ಮರಾಠಿ ನಿಲ್ಲಿಸಿ ಅಂತ ಅವಳ ಎದುರೇ ಹೇಳಿದ್ರು. ಕ್ಲಾಸಿನ ಮಕ್ಕಳು ನಕ್ಕಿದ್ರಂತೆ. ಅವತ್ತು ಸಂಜೆ ಪುಟ್ಟ "ತಾಈ" ಅಂದಾಗ ಅವಳು ತಿರುಗಿ ನೋಡಲಿಲ್ಲ. "ಹಾಗನ್ಬೇಡ. ಅಕ್ಕ ಅನ್ನು" ಅಂದ್ಲು. ಅವನಿಗೆ ಏನು ತಪ್ಪಾಯ್ತು ಅಂತಲೇ ಗೊತ್ತಾಗಲಿಲ್ಲ. ಹದಿನೈದು ದಿನ ಹೀಗೇ ನಡೀತು. ಅಕ್ಕ ಅನ್ನೋದು ಒಳ್ಳೇ ಮಾತೇ, ನಾನೂ ನನ್ನಕ್ಕನ್ನ ಹಾಗೇ ಕರೆಯೋದು. ಆದ್ರೆ ಅವನ ಹತ್ತಿರ ಹುಟ್ಟಿದಾಗಿನಿಂದ ಇದ್ದಿದ್ದು ಆ ಹುಡುಗಿ ಮತ್ತು ಆ ಒಂದು ಮಾತು, ಎರಡೇ. ಅದರಲ್ಲಿ ಒಂದನ್ನ ನಾಚಿಕೆ ಮಾಡಿ ಬಿಡಿಸೋ ಅಧಿಕಾರ ಯಾರಿಗೂ ಇಲ್ಲ, ಶಾಲೆಗೂ ಇಲ್ಲ, ನನಗೂ ಇಲ್ಲ. ಭಾವ ಒಂದು ಮಾತೂ ಆಡದೆ ರಾತ್ರಿ ಕಥೆಯನ್ನ ಮರಾಠಿಯಲ್ಲಿ ಹೇಳೋದು ಮುಂದುವರಿಸಿದ್ರು. ಒಂದಿನ ಕಥೆ ಮಧ್ಯೆ "ಪುಢೇ ಕಾಯ್?", ಮುಂದೇನು ಅಂತ ಕೇಳಿದವಳು ಅವಳೇ.

ಈಗ ಇಬ್ಬರೂ ಜಗಳ ಆಡೋದು ಕನ್ನಡದಲ್ಲಿ, ಲೆಕ್ಕ ಮಾಡೋದು ಇಂಗ್ಲಿಷಿನಲ್ಲಿ, ರಾತ್ರಿ ಕರೆಂಟು ಹೋದ್ರೆ ಹೆದರೋದು ಮರಾಠಿಯಲ್ಲಿ.

ಹಾಗಾಗಿ ದತ್ತು ಮಕ್ಕಳಿರೋ ಮನೆಗೆ ಹೋದಾಗ "ಮರೆತ್ರಾ?" ಅಂತ ಕೇಳ್ಬೇಡಿ. "ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತಾರೆ?" ಅಂತ ಕೇಳಿ. ಅವರು ಹೇಳಿಕೊಡ್ತಾರೆ, ನೀವೂ ಒಂದು ಪದ ಕಲೀತೀರಿ. ಮಗು ಕನ್ನಡಕ್ಕೆ ಬರೋದು ಹೀಗೆ, ತನ್ನದನ್ನ ಬಾಗಿಲಾಚೆ ಬಿಟ್ಟು ಅಲ್ಲ.

ಇದಕ್ಕೆ ನನ್ನನ್ನ ಬೈಯೋದಿದ್ರೆ ಧಾರಾಳವಾಗಿ ಬೈಯಿರಿ, ಕನ್ನಡದಲ್ಲೇ ಬೈಯಿರಿ. ಮರಾಠಿಯಲ್ಲಾದ್ರೂ ಪರವಾಗಿಲ್ಲ, ಅನುವಾದ ಮಾಡಿಕೊಡೋಕೆ ಮನೆಯಲ್ಲಿ ಇಬ್ಬರು ಇದ್ದಾರೆ. ಒಂದು ದೋಸೆಗೆ ಒಪ್ಪಿಕೊಳ್ತಾರೆ.