ಹೈಸ್ಕೂಲು ಮಕ್ಕಳಿಗೆ ಸ್ವಂತ ವೆಬ್‌ಸೈಟ್ ಯಾಕೆ?

ಶಾಲೆಯ ಪ್ರಾಜೆಕ್ಟ್ ಎಂದರೆ ಥರ್ಮೋಕೋಲ್, ಚಾರ್ಟು, ಗೋಂದು ಮತ್ತು ರಾತ್ರಿ ನಿದ್ದೆಗೆಟ್ಟು ಕೂತ ಅಪ್ಪ-ಅಮ್ಮ. ಈಗ ಆ ಸಾಲಿಗೆ ‘ಸ್ವಂತ ವೆಬ್‌ಸೈಟ್ ಮಾಡಿಕೊಂಡು ಬಾ’ ಎಂಬುದೂ ಸೇರುತ್ತಿದೆ. ಬಹಳಷ್ಟು ಮಕ್ಕಳ ಕೈಯಲ್ಲಿ ಅದು ಬಯೋಡೇಟಾ ಆಗಿ ಮುಗಿಯುತ್ತದೆ: ಹೆಸರು, ಫೋಟೊ, ಶಾಲೆ, ಹವ್ಯಾಸ ಕ್ರಿಕೆಟ್, ಗುರಿ ಐಎಎಸ್. ಇಷ್ಟಕ್ಕೇ ಆದರೆ ಥರ್ಮೋಕೋಲೇ ವಾಸಿ.

ಆದರೂ ನಾನು ಈ ಪ್ರಾಜೆಕ್ಟಿನ ಪರ. ದಾಂಡೇಲಿ ಪಕ್ಕದ ಅಂಬೇವಾಡಿಯನ್ನೇ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ದಾಂಡೇಲಿ ಎಂದು ಹುಡುಕಿದರೆ ರೆಸಾರ್ಟು, ರ್‍ಯಾಫ್ಟಿಂಗ್, ಪ್ಯಾಕೇಜುಗಳ ಸಂತೆ. ಅಂಬೇವಾಡಿಗೆ ಸಿಗುವುದು ಹೆಚ್ಚೆಂದರೆ ರೈಲಿನ ವೇಳಾಪಟ್ಟಿ. 2019ರ ನವೆಂಬರ್‌ನಲ್ಲಿ ಅಳ್ನಾವರದಿಂದ ಪ್ರಯಾಣಿಕರ ರೈಲು ಮತ್ತೆ ಶುರುವಾದಾಗ ಬಂದು ನಿಂತದ್ದು ಇಲ್ಲೇ. ಒಂದೇ ಅಂಗಡಿಯ ಮುಂದೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ಕಿವಿಗೆ ಬೀಳುವ ಈ ಸೀಮೆಯನ್ನು ಹೊರಗಿನವರು ಮಾರುವುದಕ್ಕಾಗಿ ಬಣ್ಣಿಸುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ಒಂಬತ್ತನೇ ಕ್ಲಾಸಿನ ಹುಡುಗಿಗೆ ಮಾರುವ ಉಸಾಬರಿ ಇಲ್ಲ. ಅವಳು ಬರೆದರೆ ಬೇರೆಯದೇ ದಾಂಡೇಲಿ ಬರುತ್ತದೆ.

ಬರೆಯುವುದರ ಜೊತೆಗೇ ಇನ್ನೊಂದು ಪಾಠವಿದೆ. ನನಗೆ ಅದೇ ಮುಖ್ಯ. ಅವಳು ಹಾರ್ನ್‌ಬಿಲ್, ಅಂದರೆ ಮಂಗಟ್ಟೆ ಹಕ್ಕಿಯ ಬಗ್ಗೆ ಒಂದು ಪುಟ ಮಾಡುತ್ತಾಳೆ ಎನ್ನೋಣ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ ಅದರ ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಸಣ್ಣ ಸೀಳು ಮಾತ್ರ. ಅದರಿಂದಲೇ ಗಂಡು ಹಣ್ಣು ತಂದು ಉಣಿಸಬೇಕು. ಆ ಮರ ಎಲ್ಲಿದೆ ಎಂದು ಪುಟದಲ್ಲಿ ನಕ್ಷೆ ಹಾಕಿದರೆ ಮುಂದಿನ ಭಾನುವಾರ ಕ್ಯಾಮೆರಾಗಳ ಜಾತ್ರೆ. ಗಂಡು ಹತ್ತಿರ ಬರಲು ಹೆದರಿದರೆ ಒಳಗಿನ ಜೀವಗಳಿಗೆ ಉಪವಾಸ. ಹಕ್ಕಿಯ ಬಗ್ಗೆ ಎಲ್ಲವನ್ನೂ ಬರೆದು ಮರದ ಜಾಗವನ್ನು ಮಾತ್ರ ಬಿಡಬೇಕು ಎಂದು ಆ ಹುಡುಗಿ ತಾನೇ ತೀರ್ಮಾನಿಸಿದ ಕ್ಷಣದಲ್ಲಿ ಅವಳು ಸಂಪಾದಕಿ. ಇನ್‌ಸ್ಟಾಗ್ರಾಂ ಇಂಥ ಅಭ್ಯಾಸ ಮಾಡಿಸುವುದಿಲ್ಲ; ಅದರ ವ್ಯವಹಾರವೇ ಇನ್ನಷ್ಟು ಹಾಕಿಸುವುದು.

ತನ್ನ ವಿಷಯಕ್ಕೂ ಅವಳು ಇದೇ ವಿವೇಕವನ್ನು ತಂದುಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದು ಎಣಿಸಿ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ. ಆದರೆ ವ್ಯಕ್ತಿ ತಾನೇ ಬಹಿರಂಗ ಮಾಡಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಫೋಟೊ, ಫೋನ್ ನಂಬರು, ಮನೆಯ ವಿಳಾಸ ಬೇಡ. ಪೂರ್ತಿ ಹೆಸರೂ ಬೇಡ. ಬರೆದದ್ದು ಸ್ವಂತದ್ದಾದರೆ ಸಾಕು, ವೆಬ್‌ಸೈಟ್ ಸ್ವಂತದ್ದೇ.

ಇದೇ ಸೀಮೆಯ ಜೋಯಿಡಾದ ಕಾಡೂರುಗಳಲ್ಲಿ ನೆಟ್‌ವರ್ಕೇ ಸಿಗದಿರುವಾಗ ಇದೆಲ್ಲ ಯಾರಿಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ವೆಬ್ ಪುಟ ಎಂದರೆ ಮೂಲತಃ ಒಂದು ಸಾದಾ ಪಠ್ಯದ ಕಡತ. ನೋಟ್‌ಪ್ಯಾಡಿನಲ್ಲಿ ಬರೆದು, ಎಚ್‌ಟಿಎಂಎಲ್ ಎಂದು ಉಳಿಸಿ, ಪೆನ್‌ಡ್ರೈವಿನಿಂದಲೇ ತೆರೆದು ನೋಡಬಹುದು. ಟಿಮ್ ಬರ್ನರ್ಸ್-ಲೀ 1991ರಲ್ಲಿ ಜಗತ್ತಿಗೆ ತೆರೆದಿಟ್ಟ ಮೊದಲ ಸೈಟೂ ಬರಿಯ ಅಕ್ಷರ ಮತ್ತು ಕೊಂಡಿಗಳದ್ದೇ. ಕಷ್ಟ ಬರುವುದು ಸಣ್ಣಪುಟ್ಟದರಲ್ಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸದೆ ಅಂಟಿಸಿದರೆ ಕನ್ನಡದ ಬದಲು ಟೊಪ್ಪಿಗೆ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಚಿತ್ರದ ಕಡತದ ಹೆಸರು ಒಂದು ಕಡೆ ದೊಡ್ಡಕ್ಷರದಲ್ಲಿ, ಇನ್ನೊಂದು ಕಡೆ ಸಣ್ಣಕ್ಷರದಲ್ಲಿದ್ದರೆ ಲ್ಯಾಬಿನ ವಿಂಡೋಸ್ ಸುಮ್ಮನಿರುತ್ತದೆ, ಲಿನಕ್ಸ್ ಸರ್ವರಿಗೆ ಏರಿಸಿದೊಡನೆ ಚಿತ್ರ ಮಾಯ. ಇಂಥ ತಪ್ಪನ್ನು ಒಂದು ಸಂಜೆ ಕೂತು ಹುಡುಕಿದ ಹುಡುಗನಿಗೆ ಕಂಪ್ಯೂಟರ್ ದೇವರಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಈಗ ಎಐಗೆ ಹೇಳಿದರೆ ನಿಮಿಷದಲ್ಲಿ ಸೈಟು ತಯಾರು, ನಿಜ. ತಯಾರಾಗಲಿ. ಮೇಷ್ಟ್ರು ಅಂಕವನ್ನು ಅಂದಕ್ಕೆ ಕೊಡದೆ, ‘ಇದನ್ನು ಯಾಕೆ ಹಾಕಿದೆ, ಅದನ್ನು ಯಾಕೆ ಬಿಟ್ಟೆ?’ ಎಂದು ಮಗುವನ್ನೇ ಎದುರಿಗೆ ಕೂರಿಸಿಕೊಂಡು ಕೇಳಿದರಾಯಿತು. ಮೊದಲು ಎಲ್ಲ ಪುಟಗಳೂ ಶಾಲೆಯ ಕಂಪ್ಯೂಟರಿನಲ್ಲೇ ಇರಲಿ. ಮನೆಯವರು ಒಪ್ಪಿದವು ಮಾತ್ರ ಗಿಟ್‌ಹಬ್ ಪೇಜಸ್‌ನಂಥ ಪುಕ್ಕಟೆ ಜಾಗಕ್ಕೆ ಹೋಗಲಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಉಳಿಯಲಿ. ಪುಕ್ಕಟೆ ಜಾಗ ಕೊಟ್ಟಿದ್ದ ಜಿಯೋಸಿಟೀಸನ್ನು ಯಾಹೂ 2009ರಲ್ಲಿ ಮುಚ್ಚಿದಾಗ ಪ್ರತಿ ಇಟ್ಟುಕೊಳ್ಳದ ಎಷ್ಟೋ ಜನರ ಪುಟಗಳು ಅದರೊಂದಿಗೇ ಹೋದವು.