ಆಳುವವರು ಸೋಲುವಂತಿರಬೇಕು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ 1989 ಎಂದರೆ ಒಂದು ಅಂಕದ ಪ್ರಶ್ನೆ: ಬರ್ಲಿನ್ ಗೋಡೆ ಬಿದ್ದದ್ದು ಯಾವಾಗ? ನವೆಂಬರ್ 9 ಎಂದು ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಅಷ್ಟು ಬಲವಾಗಿದ್ದ ಕಮ್ಯುನಿಸ್ಟ್ ಸರ್ಕಾರಗಳು ಪೂರ್ವ ಯುರೋಪಿನಲ್ಲಿ ಸಾಲುಸಾಲಾಗಿ ಏಕೆ ಉರುಳಿದವು ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ.

ಅಂಗಡಿ ಮುಂದಿನ ಸರದಿ, ಸಾಲ, ಸೊರಗಿದ ಕಾರ್ಖಾನೆಗಳು ಎಂಬ ಕಾರಣಗಳು ಪುಸ್ತಕದಲ್ಲಿವೆ. ಆದರೆ ಬಡತನ, ಬೆಲೆಯೇರಿಕೆ ನಮ್ಮಲ್ಲೂ ಇದ್ದವು. ಅಲ್ಲಿನ ಜನರಿಗೆ ಇಲ್ಲದಿದ್ದದ್ದು ಆಳುವವರನ್ನು ಬದಲಿಸುವ ದಾರಿ. ಪೋಲೆಂಡಿನಲ್ಲಿ ‘ಕಾರ್ಮಿಕರ ಸರ್ಕಾರ’ವನ್ನು ಎದುರಿಸಿ ನಿಂತವರು ಹಡಗು ಕಟ್ಟುವ ಕಾರ್ಮಿಕರೇ, ಅವರ ಮುಂದಾಳು ಲೆಕ್ ವಲೇಸಾ ಒಬ್ಬ ಎಲೆಕ್ಟ್ರಿಷಿಯನ್. 1989ರ ಜೂನ್‌ನಲ್ಲಿ ಅರೆಬರೆ ಮುಕ್ತ ಚುನಾವಣೆ ನಡೆದಾಗಲೇ ಸೆನೆಟ್‌ನ 100 ಸ್ಥಾನಗಳಲ್ಲಿ 99 ಅವರ ಸಾಲಿಡಾರಿಟಿಗೆ ಬಂದವು. ಮತಪೆಟ್ಟಿಗೆಯ ದಾರಿ ತೆರೆಯದ ರುಮೇನಿಯಾದಲ್ಲಿ ಅದೇ ಡಿಸೆಂಬರ್‌ನಲ್ಲಿ ರಕ್ತ ಹರಿಯಿತು.

ನಮ್ಮ ದೇಶದ ಕಮ್ಯುನಿಸ್ಟರ ಕಥೆ ಬೇರೆ. 1941ರಲ್ಲಿ ಕಯ್ಯೂರಿನ ರೈತರು ಜಮೀನ್ದಾರರ ಮತ್ತು ಬ್ರಿಟಿಷರ ವಿರುದ್ಧ ಎದ್ದರು; 1943ರಲ್ಲಿ ನಾಲ್ವರು ಗಲ್ಲಿಗೇರಿದರು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಯ ವಸ್ತು ಅದೇ. ಆ ಕಾಸರಗೋಡು ಸೀಮೆ 1956ರಲ್ಲಿ ಕೇರಳಕ್ಕೆ ಸೇರಿತು. ಮರುವರ್ಷವೇ ಕಮ್ಯುನಿಸ್ಟರು ಮತದ ಮೂಲಕ ಆ ರಾಜ್ಯದ ಅಧಿಕಾರ ಹಿಡಿದರು. 1959ರಲ್ಲಿ ಕೇಂದ್ರ ಅವರ ಸರ್ಕಾರವನ್ನು ವಜಾ ಮಾಡಿತು. 1967ರಲ್ಲಿ ಮತ್ತೆ ಮತದಿಂದಲೇ ಮರಳಿದರು. ಪಶ್ಚಿಮ ಬಂಗಾಳವನ್ನು 34 ವರ್ಷ ಆಳಿದ ಎಡರಂಗ, ಸಿಂಗೂರು–ನಂದಿಗ್ರಾಮದ ಭೂಸ್ವಾಧೀನದ ಸಿಟ್ಟು ಎದುರಿಸಿ 2011ರಲ್ಲಿ ಸೋತಿತು. ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯ ಫಲಿತಾಂಶದ ದಿನವೇ ರಾಜೀನಾಮೆ ಕೊಟ್ಟರು. ಗೋಡೆ ಒಡೆಯುವ ಅಗತ್ಯ ಯಾರಿಗೂ ಬೀಳಲಿಲ್ಲ.

ಬಾವುಟದ ಬಣ್ಣ ಯಾವುದೇ ಇರಲಿ, ಗೊತ್ತಾದ ದಿನ ಜನರ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು ಎಂಬ ಕಟ್ಟುಪಾಡೇ ಪ್ರಜಾಪ್ರಭುತ್ವದ ಜೀವ. ಈ ಅಳತೆಗೋಲನ್ನು ನಮ್ಮೂರಿಗೂ ಹಿಡಿಯೋಣ. ಸಂವಿಧಾನದ 243ಇ ವಿಧಿಯಂತೆ ಪಂಚಾಯಿತಿಗಳ ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು. ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಸವದತ್ತಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಯರಗಟ್ಟಿಯಲ್ಲಿ ಇಪ್ಪತ್ತು ತುಂಬಿದ ನಾನು ಈ ಎರಡಕ್ಕೂ ಇನ್ನೂ ಮತ ಹಾಕಿಲ್ಲ. ಶಾಲೆ ಕೊಠಡಿ ಸೋರಿದರೆ, ನೀರಿನ ಪೈಪು ಒಡೆದರೆ ಅಧಿಕಾರಿಗೆ ಅರ್ಜಿ ಕೊಡಬಹುದು; ಕೆಲಸ ಆಗದಿದ್ದರೆ ಅವರನ್ನು ಸೋಲಿಸಲು ಬರುವುದಿಲ್ಲ.

ಗೆಳೆಯರೇ, ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಳ್ಳಿ. ಓಟು ಕೇಳಲು ಬರುವ ಎಲ್ಲ ಪಕ್ಷದವರಿಗೂ ಪಂಚಾಯಿತಿ ಚುನಾವಣೆ ಏಕೆ ತಡವಾಯಿತೆಂದು ಕೇಳಿ. ಪೋಲೆಂಡಿನ ಕಾರ್ಮಿಕರು ವರ್ಷಾನುಗಟ್ಟಲೆ ಹೋರಾಡಿ ಪಡೆದದ್ದು ನಮ್ಮ ಸಂವಿಧಾನದಲ್ಲಿ ಬರೆದೇ ಇದೆ. ಅದನ್ನು ಕೇಳಿ ಪಡೆಯುವ ಕೆಲಸ ನಮ್ಮದು.